ಜೆರಾಕ್ಸ್ ಅಕ್ಕನ ಹಳೆಯ ಜಾತಕ

ಬ್ಯಾಟರಾಯನಪುರದಲ್ಲಿ ಮುಖ್ಯರಸ್ತೆ ಬಿಟ್ಟು ಹಳೆಯ ಊರಿನ ಕಡೆ ತಿರುಗಿದರೆ ಎಡಕ್ಕೆ ಒಂದು ಜೆರಾಕ್ಸ್ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಅಂಗಡಿಯ ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಆ ದಾರಿಯಲ್ಲಿ ಹೋಗುವಾಗ ನನ್ನ ಸ್ಕೂಟರ್ ಈಗಲೂ ನಿಧಾನವಾಗುತ್ತದೆ. ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ಇಲ್ಲಿ ಬರೆಯುವುದಕ್ಕೂ ಕೈ ಬರುತ್ತಿಲ್ಲ. ಊರಿಗೆಲ್ಲ ಅವರು ಜೆರಾಕ್ಸ್ ಅಕ್ಕ, ನನಗೂ ಅಷ್ಟೆ.

ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಮನೆ ಆರ್.ಟಿ. ನಗರದಲ್ಲಿ. ಮನೆಯೊಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಓದಿದ್ದು ಕನ್ನಡ ಶಾಲೆಯಲ್ಲಾದ್ದರಿಂದ ಹೀಗೆ ಆಗಾಗ ಬರೆಯುವ ಚಟವೂ ಅಂಟಿಕೊಂಡಿದೆ. ಕೆಲಸದ ವಿಷಯದಲ್ಲಿ ನನಗೊಂದು ಜಂಭವಿತ್ತು. ನಾನು ಕಂಪ್ಯೂಟರಿನಿಂದ ಏನನ್ನಾದರೂ ತೆಗೆದರೆ ಅದು ಮತ್ತೆ ಬರುವುದಿಲ್ಲ ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಆ ಜಂಭವನ್ನು ಇಳಿಸಿದವರು ಅಕ್ಕ.

ಮೊದಲು ನನ್ನನ್ನು ಕರೆದವರು ಅವರ ಅಣ್ಣ. ಆ ಸಾಲಿನ ಅಂಗಡಿಗಳೆಲ್ಲ ಅವರವೇ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಕಟ್ಟಡ ಎಬ್ಬಿಸಿ, ಕೆಳಗಿನ ಒಂದು ಮಳಿಗೆಯನ್ನು ಮದುವೆಯಾಗದೆ ಉಳಿದ ತಂಗಿಗೆ ಬಿಟ್ಟುಕೊಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ, ಮಾತು ಮಾತ್ರ ಒರಟು.

"ಬಾಯ್, ಇದ್ರಲ್ಲೊಂದು ಹಳೇ ಜಾತಕದ ಸಾಫ್ಟ್‌ವೇರ್ ಐತೆ. ಈಗ ಹೊಸದು ತಂದು ಹಾಕ್ಸಿದೀನಿ. ಹಳೇದನ್ನ ಕಿತ್ತಾಕಿ. ಆನ್ ಮಾಡಿದ್ರೆ ಸಾಕು, ಆಂಟಿವೈರಸ್ ಬಡ್ಕೊಳ್ತದೆ. ಪುರೋಹಿತ್ರು ಬೇರೆ ಬಂದು, ನಿಮ್ಮಂಗಡಿ ಜಾತಕ ಅರ್ಧಂಬರ್ಧ ಬರ್ತದೆ ಅಂತ ಏಳೋದ್ರು," ಎಂದರು.

ಪಕ್ಕದಲ್ಲಿ ಅಕ್ಕ ಯಾರದೋ ಅಂಕಪಟ್ಟಿಗಳನ್ನು ಜೋಡಿಸಿ ಪಿನ್ ಹೊಡೆಯುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಹಳೆಯದನ್ನು ತೆಗೆದೆ. ಎರಡು ದಿನ ಕಳೆಯುವಷ್ಟರಲ್ಲಿ ಅಣ್ಣನ ಫೋನು, ಅದು ಮತ್ತೆ ಬಂದಿದೆಯಂತೆ. ಹೋಗಿ ಬೇರುಸಮೇತ ಕಿತ್ತೆ. ಮತ್ತೆ ಫೋನು. ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳಿದ್ದವು, ಎರಡರಲ್ಲೂ ಆ ಹಳೆಯ ಸಾಫ್ಟ್‌ವೇರಿನ ಗಣಪತಿ ಚಿತ್ರ ಪರದೆಯ ಮೂಲೆಯಲ್ಲಿ ಏನೂ ಆಗಿಲ್ಲವೆಂಬಂತೆ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು. ಇದು ಯಾವುದೋ ಹೊಸ ಜಾತಿಯ ವೈರಸ್ಸೇ ಇರಬೇಕೆಂದುಕೊಂಡು ಮಧ್ಯಾಹ್ನ ಪೂರ್ತಿ ಹುಡುಕಿದೆ. ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

"ಹೋಯ್ತಾ ತಮ್ಮಾ?"

"ಹೋಯ್ತಕ್ಕ."

"ಪೂರ್ತಿ?"

"ಪೂರ್ತಿ."

"ಪಾಪ," ಎಂದರು. ನನ್ನ ಶ್ರಮ ನೋಡಿ ಮರುಗಿದರು ಎಂದುಕೊಂಡೆ. ಅವರು ಮರುಗಿದ್ದು ಸಾಫ್ಟ್‌ವೇರಿಗೆ ಎಂದು ಆಮೇಲೆ ತಿಳಿಯಿತು.

ಅಕ್ಕನ ಸ್ವಭಾವವೇ ಹಾಗಿತ್ತು. ಅಂಗಡಿಯಲ್ಲಿದ್ದ ಯಂತ್ರಗಳೆಲ್ಲ ಅವರಿಗೆ ಮನೆಯ ಜನ. ಜೆರಾಕ್ಸ್ ಯಂತ್ರ ಬಿಸಿಯಾದರೆ "ಸಾಕು ತಾಯಿ, ಸುಧಾರಿಸ್ಕೋ" ಎಂದು ಅದರ ಬೆನ್ನು ತಟ್ಟಿ, ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಗಿರಾಕಿ ಅವಸರ ಮಾಡಿದರೆ ಸಿಟ್ಟು ಬರುತ್ತಿದ್ದದ್ದು ಗಿರಾಕಿಯ ಮೇಲೆ, ಯಂತ್ರದ ಮೇಲಲ್ಲ. ಒಂದು ಆಯುಧಪೂಜೆಯ ಮಾರನೇ ದಿನ ಮೌಸ್ ಸತ್ತುಹೋಗಿದೆಯೆಂದು ಕರೆದಿದ್ದರು. ಹೋಗಿ ತಿರುಗಿಸಿ ನೋಡಿದರೆ, ಹೊಟ್ಟೆಯಲ್ಲಿರುವ ಅದರ ಬೆಳಕಿನ ಕಣ್ಣಿಗೆ ಸರಿಯಾಗಿ ಅರಿಶಿನ ಕುಂಕುಮ ಮೆತ್ತಿದ್ದರು. "ಮೇಲೆ ಇಟ್ರೆ ಕೈಗೆ ಅಂಟ್ತದೆ ಅಂತ ಕೆಳಗಿಟ್ಟೆ ಕಣಪ್ಪ," ಎಂದರು. ಒರೆಸಿ ಕೊಟ್ಟೆ. ಮುಂದಿನ ವರ್ಷವೂ ಅಲ್ಲಿಗೇ ಇಟ್ಟರು. ಈ ಸಲ ಕರೆಯಲಿಲ್ಲ, ತಾವೇ ಒರೆಸಿಕೊಂಡರಂತೆ.

ಜಾತಕ ಹಾಕಿಸಲು ಬಂದವರಿಗೆ ಮಕ್ಕಳು ಹುಟ್ಟಿದ ಗಳಿಗೆ ಗೊತ್ತಿರುತ್ತಿರಲಿಲ್ಲ. ಆಗ ಅಕ್ಕ ವಿಚಾರಣೆ ಶುರುಮಾಡುತ್ತಿದ್ದರು. ಹಾಲಿನವನು ಬಂದು ಹೋಗಿದ್ದನಾ, ಕರೆಂಟು ಇತ್ತಾ, ದೊಡ್ಡ ಮಗು ಸ್ಕೂಲಿಂದ ಬಂದಿತ್ತಾ? ಹೆತ್ತ ತಾಯಿ ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಗಳಿಗೆ ಗೊತ್ತಾಗುವ ಹೊತ್ತಿಗೆ ಆ ಹೆಂಗಸಿನ ಹೆರಿಗೆಯ ಕಥೆಯೆಲ್ಲ ಹೊರಗೆ ಬಂದು, ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆದರೆ ಜಾತಕದ ಫಲ ಕೇಳಿದರೆ ಅಕ್ಕ ಬಾಯಿ ಬಿಡುತ್ತಿರಲಿಲ್ಲ. "ನಾನು ಟೈಪ್ ಮಾಡೋಳು, ಶಾಸ್ತ್ರ ಹೇಳೋಳಲ್ಲ," ಎನ್ನುತ್ತಿದ್ದರು. ರಂಜಾನ್ ಉಪವಾಸದಲ್ಲಿ ನಾನು ಕೆಲಸಕ್ಕೆ ಹೋದರೆ ಫ್ಲಾಸ್ಕನ್ನು ಮೇಜಿನ ಕೆಳಗೆ ಇಟ್ಟು, ನಾನು ಹೊರಡುವವರೆಗೆ ತಾವೂ ಕಾಫಿ ಮುಟ್ಟುತ್ತಿರಲಿಲ್ಲ. ನೀವು ಕುಡಿಯಿರಿ ಅಕ್ಕ ಎಂದರೆ ಇವತ್ತು ಕಾಫಿ ಸರಿಯಾಗಿಲ್ಲ ಎನ್ನುತ್ತಿದ್ದರು.

ಹಳೆಯ ಸಾಫ್ಟ್‌ವೇರಿನ ಗುಟ್ಟು ಬಯಲಾದದ್ದು ನನ್ನ ಮರೆವಿನಿಂದ. ಮೂರನೆಯ ಸಲ ಅದನ್ನು ಕಿತ್ತು ಹೊರಟವನು ಸ್ಕ್ರೂಡ್ರೈವರ್ ಚೀಲ ಬಿಟ್ಟುಬಂದಿದ್ದೆ. ಹೆಬ್ಬಾಳದ ಮೇಲುಸೇತುವೆವರೆಗೆ ಹೋದವನು ವಾಪಸ್ ಬಂದೆ. ಅಕ್ಕ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಲ್ಯಾಮಿನೇಷನ್ ಕವರಿನಿಂದ ಹೊರಗೆ ತೆಗೆದ ಒಂದು ಸಿ.ಡಿ. ಡಬ್ಬ. ಪರದೆಯ ಮೇಲೆ ಆ ಗಣಪತಿ ಆಗಷ್ಟೇ ಮತ್ತೆ ಮೂಡುತ್ತಿದ್ದ.

"ಅಕ್ಕಾ, ನೀವೇನಾ?"

ಅವರು ಬೆಚ್ಚಲಿಲ್ಲ. "ಕೂತ್ಕೋ ತಮ್ಮಾ," ಎಂದರು. ಎರಡೂ ಸಾಫ್ಟ್‌ವೇರುಗಳಲ್ಲಿ ಯಾವುದೋ ಒಂದೇ ಜೋಡಿಯ ಜಾತಕ ಹೊಂದಿಸಿ, ಎರಡು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಹಳೆಯದು ಗಂಡು ಹೆಣ್ಣಿಗೆ ಎಷ್ಟು ಗುಣ ಕೂಡಿ ಬಂತೆಂದು ಹೇಳಿ ಸುಮ್ಮನಾಗಿತ್ತು. ನಕ್ಷತ್ರದ ಹೆಸರು ಮೇಲೆ ಸಣ್ಣಕ್ಷರದಲ್ಲಿತ್ತು. ಹೊಸದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಳೆಯ ಕೆಳಗೆ ಕೆಂಪು ಚೌಕ ಹಾಕಿ, ಕನ್ಯೆ ಮೂಲಾ ನಕ್ಷತ್ರ, ಮಾವನಿಗೆ ಆಗದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ನಮ್ಮಲ್ಲಿ ಜಾತಕವಿಲ್ಲ. ನನಗೆ ಅರ್ಥವಾಗಲಿಲ್ಲ.

"ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಸೊಸೆಯಾಗಿ ಬಂದ್ರೆ ಮಾವ ಉಳಿಯಲ್ಲ ಅಂತಾರೆ. ಆಶ್ಲೇಷಾ ಆದ್ರೆ ಅತ್ತೆ," ಎಂದರು ಅಕ್ಕ.

"ನಿಜವಾ ಅಕ್ಕ?"

"ನಂಗೇನ್ ಗೊತ್ತಪ್ಪ. ನಂಗೆ ಮಾವನೇ ಸಿಗ್ಲಿಲ್ವಲ್ಲ. ನಂದೂ ಮೂಲಾನೇ." ಹೇಳಿ ನಕ್ಕರು. "ನೋಡೋಕೆ ಬಂದು ಕೇಸರಿಬಾತ್ ತಿಂದು ಹೋದೋರು ಎಷ್ಟು ಜನವೋ. ಎಲ್ರಿಗೂ ಹುಡುಗಿ ಒಪ್ಪಿಗೆ. ಜಾತಕ ತಗೊಂಡು ಹೋದ್ಮೇಲೆ ಸುದ್ದಿ ಇಲ್ಲ. ನಕ್ಷತ್ರ ಬದಲಾಯಿಸಿ ಬರ್ಸಿ ಅಂತ ನಮ್ಮಪ್ಪಂಗೆ ಎಷ್ಟೋ ಜನ ಹೇಳಿದ್ರು. ಸುಳ್ಳು ಬರ್ಸಲ್ಲ ಅಂದ್ರು ನಮ್ಮಪ್ಪ. ನಾನೂ ಸುಳ್ಳು ಟೈಪ್ ಮಾಡಿಲ್ಲ ಕಣಪ್ಪ. ಮೂಲಾ ಅಂತ ಇದ್ರಲ್ಲೂ ಐತೆ, ನೋಡು. ಆದ್ರೆ ಈಗಿನ ಕಾಲದ ಬೀಗ್ರಿಗೆ ಮೂಲಾ ಅಂದ್ರೆ ಏನು ಅಂತ್ಲೇ ಮರ್ತೋಗಿತ್ತು. ಮರ್ತಿದ್ದನ್ನ ಈ ಹೊಸದು ಜ್ಞಾಪಿಸ್ತದೆ, ಅದೂ ಕೆಂಪಕ್ಷರದಲ್ಲಿ. ಇವೆರಡ್ರಲ್ಲಿ ಹಳೇದು ಯಾವ್ದು, ನೀನೇ ಹೇಳು."

ನಮ್ಮ ದೊಡ್ಡಕ್ಕನನ್ನು ನೋಡಲು ಬಂದವರು ಬಣ್ಣ ಕಪ್ಪೆಂದು ಎದ್ದುಹೋಗುತ್ತಿದ್ದರು. ಅವರಿಗೆ ನಕ್ಷತ್ರ ಬೇಕಾಗಿರಲಿಲ್ಲ. ಆ ದಿನಗಳಲ್ಲಿ ನಮ್ಮಮ್ಮ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅದೆಲ್ಲ ನೆನಪಾಗಿ, ಕೆಂಪು ಚೌಕದ ಆ ಹಾಳೆಯನ್ನು ಮಗುಚಿ ಇಟ್ಟೆ.

"ನಾನು ಪ್ರತಿ ಸಲ ಸಿ.ಡಿ. ಹಾಕೋದು ತಪ್ಪೋಹಂಗೆ, ತಾನಾಗೇ ಬರೋಹಂಗೆ ಮಾಡೋಕಾಗುತ್ತಾ?" ಎಂದು ಕೇಳಿದರು.

ಆಗುತ್ತಿತ್ತು. ಮಾಡಿದೆ. ಒಂದು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿದರೆ ಇನ್ನೊಂದು ಅದರ ನಕಲನ್ನು ಕಳಿಸಿ ಮತ್ತೆ ಕೂರಿಸುವ ಹಾಗೆ ಎರಡಕ್ಕೂ ಗಂಟುಹಾಕಿದೆ. ತೆಗೆದದ್ದು ಬರಬಾರದೆಂದು ಬದುಕಿದವನು ಅವತ್ತು ಉಲ್ಟಾ ಕೆಲಸ ಮಾಡಿ, ಬಹಳ ಖುಷಿಯಿಂದ ಮನೆಗೆ ಹೋದೆ. ಅವರ ಅಣ್ಣ ತಾವೇ ಕೂತು ಕೆಲವು ಸಲ ಅಳಿಸಿ ನೋಡಿದರಂತೆ. ಬೆಳಗ್ಗೆ ಬಾಗಿಲು ತೆಗೆದರೆ ಗಣಪತಿ ಹಾಜರು. "ಬಾಯ್, ಇದಕ್ಕೇನೋ ಗಾಳಿ ಸೋಕ್ದಂಗೈತೆ," ಎಂದು ನನಗೆ ಫೋನ್ ಮಾಡಿ, ಅಂಗಡಿಯ ಬಾಗಿಲಿಗಲ್ಲದೆ ಕಂಪ್ಯೂಟರಿಗೂ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಆಮೇಲೆ ಆ ಮಾತೇ ಎತ್ತಲಿಲ್ಲ. ಉಳಿದವರಿಗೆ ಹೊಸದರಲ್ಲಿ, ಮೂಲಾ ಆಶ್ಲೇಷಾ ಹುಡುಗಿಯರಿಗೆ ಹಳೆಯದರಲ್ಲಿ ಜಾತಕ ಬರುತ್ತ ಹೋಯಿತು. ಮದುವೆಯ ಕರೆಯೋಲೆಗಳೂ ಅಂಗಡಿಗೆ ಬರುತ್ತಿದ್ದವು. ಅಕ್ಕ ಯಾವ ಮದುವೆಗೂ ಹೋಗುತ್ತಿರಲಿಲ್ಲ. ಕರೆಯೋಲೆಯನ್ನು ಮಾತ್ರ ಒಂದು ವಾರ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ಪುಟ್ಟೇನಹಳ್ಳಿಗೆ ಸೊಸೆಯಾಗಿ ಹೋದ ಹುಡುಗಿ ಅಂಗಡಿಗೆ ಬಂದ ಮಧ್ಯಾಹ್ನ ನಾನು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಇಲ್ಲೇ ಹಿಂದಿನ ಬೀದಿಯ ಹುಡುಗಿ. ಅವಳ ಜಾತಕವೂ ಅಕ್ಕನ ಹಳೆಯ ಸಾಫ್ಟ್‌ವೇರಿನದೇ. ಒಳಗೆ ಬಂದವಳು ಕೂರಲಿಲ್ಲ. ಮಾವನಿಗೆ ಎದೆನೋವು ಬಂದು ಆಪರೇಷನ್ ಆಗಿತ್ತು. ನೋಡಲು ಬಂದ ನೆಂಟರಲ್ಲಿ ಯಾರೋ ಸೊಸೆಯ ನಕ್ಷತ್ರ ಕೇಳಿ, ಮೊಬೈಲಿನಲ್ಲಿ ಹುಡುಕಿ, ಎಲ್ಲರಿಗೂ ಕೇಳುವ ಹಾಗೆ ಓದಿದರಂತೆ. ಗಂಡ ಏನೂ ಹೇಳಲಿಲ್ಲ. ಅತ್ತೆ, ಸ್ವಲ್ಪ ದಿನ ತವರಿನಲ್ಲಿರು ಎಂದು ಕಳಿಸಿದ್ದರು. ಸ್ವಲ್ಪ ದಿನ ಎಂದರೆ ಎಷ್ಟೆಂದು ಯಾರೂ ಹೇಳಿರಲಿಲ್ಲ.

"ನಿಮ್ಗೆ ಗೊತ್ತಿತ್ತಾ ಅಕ್ಕ?" ಎಂದು ಕೇಳಿದಳು.

"ಗೊತ್ತಿತ್ತು."

"ಹೇಳ್ಬೇಕಿತ್ತು. ಮೊದ್ಲೇ ಗೊತ್ತಿದ್ದಿದ್ರೆ ಏನಾದ್ರೂ ಅನ್ನೋಕೆ ನಂಗೂ ಬಾಯಿ ಇರ್ತಿತ್ತು. ಎಲ್ರೂ ಒಂದೇ ಸಲ ಅಂದಾಗ, ನನ್ನಿಂದ್ಲೇ ಆಯ್ತೇನೋ ಅಂತ ನಂಗೂ ಅನ್ನಿಸ್ಬಿಡ್ತು ಅಕ್ಕ."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ಅವಳು ಹೋದ ಮೇಲೆ ಅಕ್ಕ ಪಿನ್ ಹೊಡೆಯುವ ಯಂತ್ರವನ್ನು ಕೆಳಗಿಟ್ಟರು. ಆಮೇಲೆ ಎದ್ದು ಷಟರ್ ಅರ್ಧ ಎಳೆದರು.

"ತಮ್ಮಾ, ಸ್ಕೂಟರ್ ಐತಾ?"

ಮದುವೆಯ ಕರೆಯೋಲೆಯಲ್ಲಿದ್ದ ವಿಳಾಸ ಹಿಡಿದು ಯಲಹಂಕ ದಾಟಿ ಹೋದೆವು. ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಮಾವ ಗೋಡೆಗೆ ದಿಂಬು ಒರಗಿಸಿಕೊಂಡು ಮಂಚದ ಮೇಲಿದ್ದರು. ಡಾಕ್ಟರು ನಡೆಯಲು ಹೇಳಿದರೂ ಏಳುವುದಿಲ್ಲ, ಮಾತ್ರೆ ಕೊಟ್ಟರೆ ಮುಖ ತಿರುಗಿಸುತ್ತಾರೆ, ಹೋಗುವವನಿಗೆ ಇದೆಲ್ಲ ಯಾಕೆ ಅನ್ನುತ್ತಾರೆ ಎಂದು ಅತ್ತೆ ಬಾಗಿಲಲ್ಲೇ ಹೇಳಿದರು. ಅಕ್ಕ ನೆಟ್ಟಗೆ ಮಂಚದ ಹತ್ತಿರ ಹೋಗಿ ನಿಂತರು.

"ಯಜಮಾನ್ರೇ, ನಿಮ್ಮ ಸೊಸೆ ಜಾತಕ ಹಾಕಿ ಕೊಟ್ಟೋಳು ನಾನು. ಮೂಲಾ ಅಂತ ಸಣ್ಣಕ್ಷರದಲ್ಲಿ ಇತ್ತು. ಬಾಯಿಬಿಟ್ಟು ನಿಮ್ಗೂ ಹೇಳ್ಲಿಲ್ಲ, ಅವಳಿಗೂ ಹೇಳ್ಲಿಲ್ಲ. ಬೈಯೋದಿದ್ರೆ ನನ್ನ ಬೈರಿ, ಆ ಹುಡುಗೀನ ಬಿಡಿ."

ಮಾವ ಕಣ್ಣು ಬಿಟ್ಟು ನೋಡಿದರು.

"ನಂದೂ ಮೂಲಾನೇ. ಮದ್ವೆ ಆಗ್ಲಿಲ್ಲ. ಮೂಲಾ ಸೊಸೆ ಬಂದ್ರೂ ಮಾವ ಬದುಕ್ತಾನೆ ಅಂತ ತೋರ್ಸೋಕೆ ನನ್ನ ಹತ್ರ ಒಬ್ಬ ಮಾವನೂ ಇಲ್ಲ. ನೀವಿದೀರಿ. ನೀವು ಮಾತ್ರೆ ನುಂಗಿ, ಎದ್ದು ಓಡಾಡಿದ್ರೆ ಅವಳು ಬಾಳ್ತಾಳೆ. ನೀವು ಬೇಕು ಅಂತ ಹೋಗ್ಬಿಟ್ರೆ ಅವಳ್ನೂ ಜೊತೇಲಿ ಕರ್ಕೊಂಡು ಹೋದಂಗೆ."

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು. ಅವರಾಡಿದ ಮಾತು ನಕ್ಷತ್ರದ ಬಗ್ಗೆ ಇರಲೇ ಇಲ್ಲ.

"ಉಪ್ಪಿಲ್ದ ಗಂಜಿ ಕುಡ್ದು ನಾಲ್ಗೆ ಸತ್ತೋಗೈತೆ. ಆ ಎಣ್ಣುಮಗ ಇದ್ದಾಗ ಅದಕ್ಕೇ ಮಜ್ಜಿಗೆ ಸೇರ್ಸಿ, ಕೊತ್ತಂಬ್ರಿ ಆಕಿ ಕೊಡ್ತಿತ್ತು. ಓಗಿ ಕರ್ಕೊಂಬನ್ನಿ ಯಾರಾದ್ರೂ."

ಸಂಜೆಯೊಳಗೆ ಅವಳ ಗಂಡ ಹೋಗಿ ಕರೆತಂದ. ಅತ್ತೆಯ ಮುಖ ಸಡಿಲವಾಗಲು ತಿಂಗಳುಗಳೇ ಹಿಡಿದವು. ಆದರೆ ಮಾವ ಎದ್ದರು. ಮೊದಲು ಬಾಗಿಲವರೆಗೆ, ಆಮೇಲೆ ಬೀದಿಯ ಕೊನೆಯವರೆಗೆ, ಕೊನೆಗೆ ದಿನಾ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯವರೆಗೆ, ಸೊಸೆಯ ಕೈ ಹಿಡಿದು.

ಪುಟ್ಟೇನಹಳ್ಳಿಗೆ ಹೋಗಿಬಂದ ಮಾರನೇ ದಿನವೇ ಅಕ್ಕ ನನ್ನನ್ನು ಕರೆದು, "ಆ ಹಳೇದನ್ನ ತೆಗ್ದುಬಿಡು ತಮ್ಮಾ. ಈ ಸಲ ನಿಜವಾಗ್ಲೂ," ಎಂದರು. ತೆಗೆದೆ. ಬೆಳಗ್ಗೆ ಫೋನು. "ಮತ್ತೆ ಬಂದೈತೆ. ನಾನು ಹಾಕಿಲ್ಲ, ನಮ್ಮಪ್ಪನಾಣೆ." ಎರಡು ಕಂಪ್ಯೂಟರುಗಳಿಗೂ ನಾನೇ ಹಾಕಿದ್ದ ಗಂಟು ನನಗೇ ಮರೆತುಹೋಗಿತ್ತು. ಇದರಲ್ಲಿ ಅಳಿಸಿದರೆ ಅದು ಕಳಿಸುತ್ತಿತ್ತು, ಅದರಲ್ಲಿ ಅಳಿಸಿದರೆ ಇದು. ಕೊನೆಗೆ ನಡುವಿನ ವೈರು ಕಿತ್ತು, ಎರಡರಿಂದಲೂ ತೆಗೆದ ಮೇಲೆ ಗಣಪತಿ ಬರುವುದು ನಿಂತಿತು. ಅಕ್ಕ ಖಾಲಿ ಮೂಲೆಯನ್ನೇ ನೋಡುತ್ತ, "ಒಳ್ಳೇದೇ ಮಾಡಿತ್ತು ಕಣಪ್ಪ ಅದು, ಅದಕ್ಕೆ ಗೊತ್ತಿದ್ದಷ್ಟು," ಎಂದರು. ಸಿ.ಡಿ.ಯನ್ನು ಮುರಿಯಲು ಮನಸ್ಸಾಗಲಿಲ್ಲ. ಅದು ಅವರ ತಾರಸಿಯ ಮೇಲೆ ಪಾರಿವಾಳ ಬೆದರಿಸಲು ದಾರದಲ್ಲಿ ತೂಗಾಡಿತು.

ಅಲ್ಲಿಂದ ಮುಂದೆ ಅಕ್ಕನದು ಬೇರೆಯೇ ಪದ್ಧತಿ. ಮೂಲಾ ಹುಡುಗಿಯ ಜಾತಕವನ್ನು ಹೊಸ ಸಾಫ್ಟ್‌ವೇರಿನಲ್ಲೇ ತೆಗೆಯುತ್ತಿದ್ದರು. ಮೊದಲು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಚೌಕವನ್ನು ಅವಳಿಂದಲೇ ಓದಿಸುತ್ತಿದ್ದರು. "ಯಾರಾದ್ರೂ ಕೇಳಿದ್ರೆ ಹೌದು ಮೂಲಾ, ಏನೀಗ ಅನ್ನು. ಎಲ್ಲಿ, ಒಂದ್ಸಲ ನನ್ನೆದ್ರಿಗೆ ಅನ್ನು ನೋಡಣ," ಎಂದು ಹೇಳಿಸುತ್ತಿದ್ದರು. ಆಮೇಲೆ ಆ ಚೌಕದ ಕೆಳಗೆ, ಇವರನ್ನು ವಿಚಾರಿಸಿ ಎಂದು ಪೆನ್ನಿನಲ್ಲಿ ಬರೆದು ಪುಟ್ಟೇನಹಳ್ಳಿಯ ಮಾವನ ಫೋನ್ ನಂಬರು ಹಾಕುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಹಾಕಿದ್ದು. ಮಾವನಿಗೆ ಇದೊಂದು ಉದ್ಯೋಗವೇ ಆಯಿತು. ಒಮ್ಮೆ ನಾನು ಅವರ ಮನೆಯ ಕಂಪ್ಯೂಟರ್ ನೋಡಲು ಹೋದಾಗ ಅಂಥ ಒಂದು ಫೋನು ಬಂತು.

"ಹೂಂ ಕಣಪ್ಪ, ನಾನೇ. ಮೂಲಾ ಸೊಸೆ ತಂದೋನು. ಬೆಳಗ್ಗೆ ಕೆರೆತಾವ್ ಓಗಿ ಬಂದೆ, ಈಗ ಮುದ್ದೆ ಉಣ್ತಾ ಇವ್ನಿ. ಇನ್ನೇನ್ ಕೇಳ್ಬೇಕು, ಕೇಳಿ," ಎಂದರು. ಒಳಗೆ ಸೊಸೆ ನಗುತ್ತಿದ್ದಳು.

ಎಲ್ಲ ಸಂಬಂಧಗಳೂ ಕೂಡಿ ಬರುತ್ತಿರಲಿಲ್ಲ. ಫೋನ್ ಮಾಡಿ, ಬದುಕಿರುವ ಮಾವನ ದನಿ ಕೇಳಿಯೂ ಬೇಡವೆಂದವರಿದ್ದರು. "ಅಷ್ಟಾದ್ಮೇಲೂ ಬೇಡ ಅನ್ನೋರ ಮನೆಗೆ ಹುಡುಗಿ ಹೋಗದಿರೋದೇ ಕ್ಷೇಮ," ಎನ್ನುತ್ತಿದ್ದರು ಅಕ್ಕ. ಹಾಗೆಂದ ದಿನ ಮಾತ್ರ ಜೆರಾಕ್ಸ್ ಯಂತ್ರದ ಜೊತೆಗೂ ಮಾತಾಡುತ್ತಿರಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಅವರ ಅಣ್ಣ ಫೋನ್ ಮಾಡಿ, "ಬಾಯ್, ಅಂಗಡಿ ತೆಗ್ಯೋಕೆ ಇವತ್ತು ಎದ್ದೇಳ್ಲಿಲ್ಲ," ಎಂದರು. ಅಷ್ಟೇ ಹೇಳಲು ಅವರಿಗೆ ಆದದ್ದು. ನಾನು ಹೋಗುವಷ್ಟರಲ್ಲಿ ಬೀದಿಗೆ ಶಾಮಿಯಾನ ಹಾಕಿದ್ದರು. ಆ ಒರಟು ಮನುಷ್ಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಕಂಕುಳಲ್ಲಿ ಮಕ್ಕಳನ್ನು ಹೊತ್ತ ಹೆಂಗಸರು ಸುಮಾರು ಜನ ಬಂದಿದ್ದರು. ಅವರು ಯಾರೆಂದು ಮನೆಯವರಿಗೇ ಗೊತ್ತಿರಲಿಲ್ಲ. ನನಗೆ ಕೆಲವರ ಮುಖ ಗುರುತಿತ್ತು, ಅಕ್ಕ ಜಾತಕ ಹಾಕಿಕೊಟ್ಟ ಹುಡುಗಿಯರು. ಅವರನ್ನು ನೋಡಿ ನನಗೂ ಅಳು ಬಂತು.

ಪುಟ್ಟೇನಹಳ್ಳಿಯ ಮಾವ ಆಟೋದಲ್ಲಿ ಸೊಸೆಯ ಜೊತೆ ಬಂದರು. ಅಕ್ಕನ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತರು. ಹಿಂದಿನ ಸಾಲಿನಲ್ಲಿ ನೆಂಟರ ಪೈಕಿ ಮುದುಕರೊಬ್ಬರು ನಿಟ್ಟುಸಿರು ಬಿಟ್ಟರು.

"ಎಂಥಾ ಒಳ್ಳೇ ಎಣ್ಣುಮಗಳು. ಏನ್ ಮಾಡೋದು, ಮೂಲಾ ನಕ್ಷತ್ರ. ಒಂದು ಮನೆ ಕಾಣ್ಲಿಲ್ಲ."

ಮಾವ ಅತ್ತ ತಿರುಗಲಿಲ್ಲ. ಅಣ್ಣನನ್ನು ಮೆಲ್ಲಗೆ ಕೇಳಿದರು.

"ಇವ್ರನ್ನ ನೋಡಿ ಬ್ಯಾಡ ಅಂದ ಮನೆಗಳಿದ್ವಲ್ಲ, ಆ ಗಂಡುಗಳ ಅಪ್ಪಂದ್ರು ಯಾರಾದ್ರೂ ಬಂದವ್ರಾ ಇವತ್ತು?"

ಅಣ್ಣ ಟವಲು ತೆಗೆದು ಯೋಚಿಸಿದರು. "ಎಲ್ಲಿ ಬರ್ತಾರೆ ಯಜಮಾನ್ರೇ. ಅವ್ರೆಲ್ಲ ಯಾವಾಗ್ಲೋ ತೀರ್ಕೊಂಡ್ರಲ್ಲ," ಎಂದರು.

"ಅಂಗಾದ್ರೆ ಒಬ್ರೂ ಉಳೀಲಿಲ್ಲ," ಎಂದರು ಮಾವ. ಆಮೇಲೆ ಸೊಸೆಯ ಕಡೆ ಕೈ ಚಾಚಿ, "ಎಬ್ಬಿಸವ್ವ ನನ್ನ, ಸ್ವಲ್ಪ ದೂರ ಎಗಲು ಕೊಡ್ತೀನಿ," ಎಂದು ಎದ್ದು ನಿಂತರು.